ನಮ್ಮ ಜಿಲ್ಲೆ ಈಗ ಹೇಗಿದೆ ಅಂತ ಈ ತಿಂಗಳೇ ತಿಳಿಯೋದು ಹೇಗೆ? ಯಾವ ಲೆಕ್ಕ ಬರೆದಿಡಬೇಕು?

ಅರ್ಥಶಾಸ್ತ್ರದ ಮೇಷ್ಟ್ರು, ಕೋಲಾರ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ವಾರ ಜಿಡಿಪಿ ಪಾಠ ಮುಗಿಸಿ ಚಾಕ್‌ಪೀಸ್ ಕೆಳಗಿಡುತ್ತಿದ್ದೆ. ವೇಮಗಲ್ ಕಡೆಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಅದು ದೇಶದ್ದಾಯ್ತು. ನಮ್ಮ ಕೋಲಾರ ಈಗ ಮೇಲಕ್ಕೆ ಹೋಗ್ತಿದೆಯಾ, ಕೆಳಕ್ಕೆ ಹೋಗ್ತಿದೆಯಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡುತ್ತಿಲ್ಲ.

ದೇಶದ ಜಿಡಿಪಿ, ಅಂದರೆ ದೇಶದೊಳಗಿನ ಒಟ್ಟು ಉತ್ಪಾದನೆಯ ಬೆಲೆ, ಮೂರು ತಿಂಗಳಿಗೊಮ್ಮೆ ಬರುತ್ತದೆ. ಅದೂ ಆ ಮೂರು ತಿಂಗಳು ಮುಗಿದು ಸುಮಾರು ಎರಡು ತಿಂಗಳಾದ ಮೇಲೆ. ಜಿಲ್ಲೆಯ ಅಂಕಿ ಕೈಗೆ ಸಿಗುವಾಗ ವರ್ಷ ದಾಟಿರುತ್ತದೆ. ಅದರಲ್ಲೂ ಎಷ್ಟೋ ಬಾಬ್ತು ರಾಜ್ಯದ ಮೊತ್ತವನ್ನು ಜಿಲ್ಲೆಗಳಿಗೆ ಹಂಚಿ ಹಾಕಿದ್ದು. ಈ ಕಷ್ಟ ನಮ್ಮೊಬ್ಬರದ್ದಲ್ಲ. ಘಾನಾ ದೇಶ 2010ರಲ್ಲಿ ತನ್ನ ಲೆಕ್ಕದ ಹಳೇ ಆಧಾರ ವರ್ಷ, ಅಂದರೆ ಹೋಲಿಕೆಗೆ ಇಟ್ಟುಕೊಂಡ ವರ್ಷ, ಬದಲಿಸಿತು. ಆಗ ಅದರ ಜಿಡಿಪಿ ಸುಮಾರು 60% ದೊಡ್ಡದಾಗಿ ಕಂಡಿತು. ನೈಜೀರಿಯಾದಲ್ಲಿ 2014ರಲ್ಲಿ ಹೀಗೇ 89% ಏರಿತು. ಅಷ್ಟೊಂದು ದುಡಿಮೆ ವರ್ಷಗಟ್ಟಲೆ ಯಾರ ಪುಸ್ತಕಕ್ಕೂ ಬರದೆ ನಡೆಯುತ್ತಿತ್ತು ಅಂತ ಅರ್ಥ ಅಲ್ವಾ?

ಅದಕ್ಕೇ ಈಗ ಎಲ್ಲ ಕಡೆ ಬೇರೆ ಗುರುತು ನೋಡುತ್ತಿದ್ದಾರೆ. ಕರೆಂಟ್ ಎಷ್ಟು ಉರಿಯಿತು, ಟೋಲ್‌ನಲ್ಲಿ ಎಷ್ಟು ಲಾರಿ ದಾಟಿದವು, ರಾತ್ರಿ ಆಕಾಶದಿಂದ ನೋಡಿದರೆ ದೀಪ ಎಷ್ಟು. ಚೀನಾದ ಲೀ ಕೆಚಿಯಾಂಗ್ ಮುಂದೆ ಪ್ರಧಾನಿಯಾದವರು. 2007ರಲ್ಲಿ ಅವರು ಲಿಯಾವೊನಿಂಗ್ ಪ್ರಾಂತ್ಯದಲ್ಲಿದ್ದಾಗ, ಜಿಡಿಪಿ ಅಂಕಿಗಿಂತ ಕರೆಂಟ್, ರೈಲಿನ ಸರಕು, ಬ್ಯಾಂಕ್ ಸಾಲ ಈ ಮೂರನ್ನೇ ನೋಡುತ್ತೇನೆ ಅಂತ ಹೇಳಿದ್ದರಂತೆ.

ನನ್ನ ಯೋಚನೆ ಇಷ್ಟು. ಇಪ್ಪತ್ತು ಜನ ವಿದ್ಯಾರ್ಥಿಗಳು ಒಂದು ವರ್ಷ ಪ್ರತಿ ವಾರ ಕೆಲವು ಲೆಕ್ಕ ಬರೆದಿಡಬೇಕು. ಅವರವರ ಊರಿನಲ್ಲೇ ಕಣ್ಣಿಗೆ ಕಾಣುವ ಲೆಕ್ಕ ಆಗಿರಬೇಕು. ಯಾವುದು ಬರೆಯಬೇಕು? ನಿಮ್ಮ ನಿಮ್ಮ ಕೆಲಸದಿಂದ ಗೊತ್ತಿರೋದನ್ನು ಹೇಳಿ.

ಮಂಡಿ ರೈಟರ್, ಕೋಲಾರ ಎಪಿಎಂಸಿ

ಸರ್, ಕೋಲಾರದ ನಾಡಿ ಹಿಡಿಯಬೇಕು ಅಂದರೆ ಟೊಮೆಟೊ ಬಾಕ್ಸ್ ಎಣಿಸಿ. ನಾನು ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಾಕ್ಸ್ ಅಂದರೆ 15 ಕೆಜಿ. ದಿನಾ ಎಷ್ಟು ಬಾಕ್ಸ್ ಬಂತು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಎರಡೂ ಅದೇ ದಿನ ಗೊತ್ತಾಗುತ್ತದೆ. ಯಾವ ಸರ್ಕಾರಿ ವರದಿಯೂ ಇಷ್ಟು ಬೇಗ ಬರೋಲ್ಲ.

ಆದರೆ ಒಂದು ಮಾತು. ಬರೀ ರೇಟು ಬರೆದುಕೊಂಡರೆ ಮೋಸ ಹೋಗುತ್ತೀರಿ. 2023ರ ಜುಲೈ ನೆನಪಿದೆಯಲ್ಲ? ಬಾಕ್ಸ್ 2,000 ರೂಪಾಯಿ ದಾಟಿತು. ಟಿವಿಯವರು ಬಂದು ಕೋಲಾರದ ರೈತರೆಲ್ಲ ಕೋಟ್ಯಧಿಪತಿ ಅಂದರು. ರೇಟು ಏರಿದ್ದು ಯಾಕೆ? ಬೆಳೆ ಇರಲಿಲ್ಲ. ಬಿಳಿ ನೊಣ ಬಿದ್ದು ಎಲೆ ಮುದುಡಿ ತೋಟಕ್ಕೆ ತೋಟವೇ ಹಾಳಾಗಿತ್ತು. ಉಳಿಸಿಕೊಂಡವರಿಗೆ ದುಡ್ಡು ಬಂತು, ನಿಜ. ಅವರ ಪಕ್ಕದ ತೋಟದವನಿಗೆ ಹಾಕಿದ ಬಂಡವಾಳವೂ ಬರಲಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ಬಾಕ್ಸ್ ಅರ್ಧಕ್ಕೆ ಇಳಿದು ರೇಟು ನಾಲ್ಕು ಪಟ್ಟು ಆದರೆ, ಮಾರ್ಕೆಟ್ಟಿನ ವಹಿವಾಟು ಎರಡು ಪಟ್ಟು ಆಯಿತು. ಕಾಗದದ ಮೇಲೆ ಕೋಲಾರ ಶ್ರೀಮಂತ. ಆದರೆ ನಮ್ಮ ಹಮಾಲಿಗಳಿಗೆ ಕೂಲಿ ಬಾಕ್ಸ್ ಲೆಕ್ಕದಲ್ಲಿ. ಅವರ ಸಂಪಾದನೆ ಅರ್ಧ. ಹಣ್ಣು ಆರಿಸುವ ಹೆಂಗಸರಿಗೂ ಕೆಲಸ ಅರ್ಧ. ಗೇಟಿನ ಹತ್ತಿರದ ಟೀ ಅಂಗಡಿಯವನಿಗೂ ಅಷ್ಟೇ. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಆಗ ಬಾಕ್ಸ್ ರಾಶಿ ರಾಶಿ, ಹಮಾಲಿಗಳಿಗೆ ಉಸಿರಾಡೋಕೂ ಪುರಸೊತ್ತಿಲ್ಲ, ರೈತನ ಮುಖ ಮಾತ್ರ ನೋಡೋಕೆ ಆಗುತ್ತಿರಲಿಲ್ಲ.

ಎರಡು ಕಾಲಂ ಹಾಕಿಸಿ ಸರ್. ಬಾಕ್ಸ್ ಒಂದು, ರೇಟು ಒಂದು. ಒಂದನ್ನು ಬಿಟ್ಟು ಇನ್ನೊಂದು ಬೇಡ.

ನರ್ಸರಿ ಇಟ್ಟವನು, ಮಾಲೂರು

ಮಂಡಿಯಣ್ಣ ಹೇಳಿದ್ದು ಸರಿ. ನಾನು ಅದಕ್ಕಿಂತ ಎರಡು ತಿಂಗಳು ಮುಂಚೆ ಹೇಳಬಲ್ಲೆ.

ಟೊಮೆಟೊ ಸಸಿ ನಮ್ಮ ಹತ್ತಿರ ಟ್ರೇನಲ್ಲಿ ಬೆಳೆಯುತ್ತದೆ. ರೈತರು ಬಂದು ಬುಕ್ ಮಾಡುತ್ತಾರೆ, 25 ದಿನ ಆದ ಮೇಲೆ ಗಾಡಿ ತಂದು ಒಯ್ಯುತ್ತಾರೆ. ನಾಟಿ ಮಾಡಿ ಎರಡು ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಅಂದರೆ ಈ ವಾರ ನಮ್ಮ ಗೇಟಿನಿಂದ ಹೊರಗೆ ಹೋದ ಸಸಿ ನೋಡಿದರೆ, ಮುಂದೆ ಮಂಡಿಗೆ ಎಷ್ಟು ಬಾಕ್ಸ್ ಬರಬಹುದು ಅನ್ನೋದು ಅಂದಾಜಿಗೆ ಸಿಗುತ್ತದೆ. ರೇಟು ಏರಿದ ವಾರ ಬುಕಿಂಗ್‌ಗೆ ನೂಕುನುಗ್ಗಲು. ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ, "ಎಲ್ಲರೂ ಇದೇ ವಾರ ಒಯ್ಯುತ್ತಿದ್ದೀರಿ, ಎಲ್ಲರ ಹಣ್ಣೂ ಒಂದೇ ಸಲ ಬರುತ್ತದೆ, ಸ್ವಲ್ಪ ತಡೀರಿ" ಅಂತ. ನನ್ನ ವ್ಯಾಪಾರಕ್ಕೆ ಅದು ನಷ್ಟ. ಆದರೂ ಹೇಳಬೇಕು ಅನ್ನಿಸುತ್ತದೆ. ಕೇಳುವವರು ಕಮ್ಮಿ.

ನಿಮ್ಮ ಮಕ್ಕಳು ತಾಲ್ಲೂಕಿಗೆ ಎರಡು ನರ್ಸರಿ ಹಿಡಿದು ವಾರಕ್ಕೊಮ್ಮೆ ಕೇಳಿ ಬರೆದು, ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಸಾಕು. ಅರ್ಥಶಾಸ್ತ್ರದ ಪಾಠವೂ ಆಯಿತು, ನಾಲ್ಕು ರೈತರ ಮನೆಯೂ ಉಳಿಯಿತು. ನಾನು ನನ್ನ ಲೆಕ್ಕ ಕೊಡುತ್ತೇನೆ.

ಉಪಗ್ರಹ ಚಿತ್ರ ನೋಡುವವಳು, ಊರು ಚಿಂತಾಮಣಿ

ಮೇಷ್ಟ್ರೇ, ರಾತ್ರಿ ದೀಪದ ವಿಷಯ ನಾನು ಹೇಳುತ್ತೇನೆ. ಬೆಂಗಳೂರಿನಲ್ಲಿ ಇದೇ ನನ್ನ ಕೆಲಸ.

ಅಮೆರಿಕದ ಹಳೇ ಹವಾಮಾನ ಉಪಗ್ರಹಗಳ ರಾತ್ರಿ ಚಿತ್ರ 1992ರಿಂದ 2013ರ ತನಕ ವರ್ಷಕ್ಕೊಂದರಂತೆ ಸಿಗುತ್ತವೆ. 2011ರಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಉಪಗ್ರಹದಲ್ಲಿ ವಿಐಐಆರ್‌ಎಸ್ ಅನ್ನೋ ಹೊಸ ಕ್ಯಾಮೆರಾ ಇದೆ. ಇದರ ಚಿತ್ರ ಪ್ರತಿ ರಾತ್ರಿಯದ್ದೂ ಇದೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು ಅರ್ಧ ಕಿಲೋಮೀಟರ್. 2012ರಲ್ಲಿ ಹೆಂಡರ್ಸನ್, ಸ್ಟೋರಿಗಾರ್ಡ್, ವೈಲ್ ಅಂತ ಮೂವರು ಅರ್ಥಶಾಸ್ತ್ರಜ್ಞರು ಹಳೇ ಚಿತ್ರಗಳನ್ನು ದೇಶಗಳ ಜಿಡಿಪಿ ಜೊತೆ ಇಟ್ಟು ನೋಡಿದರು. ದೀಪ 10% ಹೆಚ್ಚಿದ ಕಡೆ ಆದಾಯ ಸರಾಸರಿ 3% ಹೆಚ್ಚಿತ್ತು. ಅಂಕಿಅಂಶ ಗಟ್ಟಿ ಇಲ್ಲದ ದೇಶಗಳಲ್ಲಿ ಸರ್ಕಾರಿ ಲೆಕ್ಕ ಮತ್ತು ದೀಪದ ಲೆಕ್ಕ ಎರಡನ್ನೂ ಸೇರಿಸಿ ಅಂದಾಜು ಮಾಡಿದರೆ ಒಳ್ಳೆಯದು ಅಂತ ಅವರು ಹೇಳಿದರು.

ನಮ್ಮ ಕಡೆಯ ಚಿತ್ರದಲ್ಲಿ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶ ಹತ್ತು ವರ್ಷದಲ್ಲಿ ಹೇಗೆ ಬೆಳಗಿದೆ ಅಂತ ಬರಿಗಣ್ಣಿಗೇ ಕಾಣುತ್ತದೆ. ನಾನು ಮೊದಲ ಸಲ ಹಳೇದು ಹೊಸದು ಪಕ್ಕ ಪಕ್ಕ ಇಟ್ಟು ನೋಡಿದಾಗ ತುಂಬಾ ಹೊತ್ತು ಹಾಗೇ ಕೂತಿದ್ದೆ.

ತೊಂದರೆಗಳೂ ಇವೆ. ಮಳೆಗಾಲದಲ್ಲಿ ಮೋಡ. ಇನ್ನೊಂದು, ಎಲ್‌ಇಡಿ. ಬಿಳಿ ಎಲ್‌ಇಡಿ ಬೆಳಕಿನಲ್ಲಿ ನೀಲಿ ಜಾಸ್ತಿ, ಈ ಕ್ಯಾಮೆರಾಕ್ಕೆ ನೀಲಿ ಬೆಳಕು ಕಾಣೋಲ್ಲ. ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದರೆ ರಸ್ತೆಯಲ್ಲಿ ನಡೆಯುವವರಿಗೆ ಬೆಳಕು ಜಾಸ್ತಿ, ಉಪಗ್ರಹಕ್ಕೆ ಬೆಳಕು ಕಮ್ಮಿ. ಊರು ಬಡವಾಯಿತು ಅಂತ ಅದು ತಿಳಿದುಕೊಳ್ಳುತ್ತದೆ.

ಸೇವಂತಿಗೆ ಬೆಳೆಗಾರ, ಚಿಕ್ಕಬಳ್ಳಾಪುರ

ಅಕ್ಕ, ಒಂದು ಪ್ರಶ್ನೆ. ಆ ಉಪಗ್ರಹ ರಾತ್ರಿ ಎಷ್ಟು ಗಂಟೆಗೆ ನಮ್ಮ ಮೇಲೆ ಹೋಗುತ್ತದೆ?

ಯಾಕೆ ಕೇಳಿದೆ ಅಂದರೆ, ನಮ್ಮ ತೋಟದಲ್ಲಿ ರಾತ್ರಿ ಬಲ್ಬ್ ಉರಿಯುತ್ತವೆ. ಸೇವಂತಿಗೆ ಗಿಡಕ್ಕೆ ರಾತ್ರಿ ಉದ್ದ ಆದರೆ ಮೊಗ್ಗು ಕಟ್ಟುವ ಬುದ್ಧಿ ಬರುತ್ತದೆ. ಗಿಡ ಇನ್ನೂ ಗೇಣುದ್ದ ಇರುವಾಗಲೇ ಮೊಗ್ಗು ಬಂದರೆ ಹೂವು ಸಣ್ಣದು, ಇಳುವರಿ ಇಲ್ಲ. ಅದಕ್ಕೆ ನಾಟಿ ಮಾಡಿದ ಮೊದಲ ಕೆಲವು ವಾರ ಸಾಲಿನ ಮೇಲೆ ತಂತಿ ಎಳೆದು ಬಲ್ಬ್ ನೇತು ಹಾಕುತ್ತೇವೆ. ಗಿಡ ಇನ್ನೂ ಹಗಲು ಅಂದುಕೊಂಡು ಎತ್ತರ ಬೆಳೆಯುತ್ತದೆ. ಆಮೇಲೆ ದೀಪ ಆರಿಸಿದರೆ ಮೊಗ್ಗು. ಹಬ್ಬಕ್ಕೆ ಸರಿಯಾಗಿ ಹೂವು ಬರಲಿ ಅಂತ ಹೀಗೆ ಹಿಂದೆ ಮುಂದೆ ಮಾಡಿಕೊಳ್ಳುತ್ತೇವೆ. ರಾತ್ರಿ ನಂದಿ ಬೆಟ್ಟದ ಕಡೆಯಿಂದ ಇಳಿದು ಬರುವವರು ಇದ್ಯಾವ ಊರಿನ ಜಾತ್ರೆ ಅಂತ ಗಾಡಿ ನಿಲ್ಲಿಸಿ ಕೇಳಿದ್ದೂ ಇದೆ.

ನಮ್ಮ ಎರಡು ಎಕರೆ ಆಕಾಶದಿಂದ ಪೇಟೆ ಥರ ಕಂಡರೆ ಲೆಕ್ಕ ತಪ್ಪುತ್ತದಲ್ಲ? ಇನ್ನೊಂದು ಕಡೆ ನೋಡಿದರೆ ತಪ್ಪೂ ಅಲ್ಲ. ಆ ದೀಪ ಉರಿದಿದೆ ಅಂದರೆ ಮೂರು ತಿಂಗಳಿಗೆ ಹೂವಿನ ಮಾರ್ಕೆಟ್ಟಿಗೆ ಮೂಟೆ ಬರುತ್ತದೆ.

ಉಪಗ್ರಹ ಚಿತ್ರ ನೋಡುವವಳು, ಊರು ಚಿಂತಾಮಣಿ

ಅಣ್ಣ, ಮಧ್ಯರಾತ್ರಿ ದಾಟಿ ಸುಮಾರು ಒಂದೂವರೆಗೆ ಹೋಗುತ್ತದೆ. ನೀವು ಹನ್ನೊಂದಕ್ಕೇ ಆರಿಸಿದರೆ ಅದಕ್ಕೆ ಏನೂ ಕಾಣೋಲ್ಲ. ಎರಡರ ತನಕ ಉರಿಸಿದರೆ ಕಾಣುತ್ತದೆ. ಅದೇ ಕಾರಣಕ್ಕೆ ಸಂಜೆ ಏಳರಿಂದ ಒಂಬತ್ತರ ತನಕ ಗಿಜಿಗುಡುವ ನಮ್ಮ ಚಿಂತಾಮಣಿ ಪೇಟೆ ಬೀದಿಯೂ ಆ ಚಿತ್ರದಲ್ಲಿ ಅರ್ಧ ನಿದ್ದೆಯಲ್ಲಿರುತ್ತದೆ. ನೀವು ಯಾವ ವಾರ ದೀಪ ಹಾಕುತ್ತೀರಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅಂತ ನನಗೆ ತಿಳಿಸುತ್ತೀರಾ? ನಿಮ್ಮ ಕಡೆ ಮಿನುಗುವ ಚುಕ್ಕೆಗಳು ಯಾವುದು ಅಂತ ನನಗೆ ಇಷ್ಟು ದಿನ ಗೊತ್ತಾಗಿರಲಿಲ್ಲ. ಇವತ್ತು ಅರ್ಥವಾಯಿತು.

ನಿವೃತ್ತ ವಿದ್ಯುತ್ ನೌಕರ, ಮುಳಬಾಗಿಲು

ಕರೆಂಟ್ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ತಾಳ್ಮೆ ಇರಲಿ. ಮೂವತ್ತು ವರ್ಷ ಇದರಲ್ಲೇ ಕಳೆದವನು.

ಕರೆಂಟ್ ಜಾಸ್ತಿ ಉರಿದರೆ ಊರು ಮುಂದೆ ಬಂತು ಅನ್ನುತ್ತಾರೆ. ಕಾರ್ಖಾನೆಗೆ ಅದು ಸರಿ. ನಮ್ಮ ಬಯಲುಸೀಮೆ ರೈತನಿಗೆ ಎಷ್ಟೋ ಸಲ ಉಲ್ಟಾ.

ಲೆಕ್ಕ ನೋಡಿ. ಸಾವಿರ ಲೀಟರ್ ನೀರನ್ನು 300 ಅಡಿಯಿಂದ ಎತ್ತೋಕೆ ಭೌತಶಾಸ್ತ್ರದ ಪ್ರಕಾರ ಕಾಲು ಯೂನಿಟ್ ಸಾಕು. ಅದೇ ಸಾವಿರ ಲೀಟರ್ 1,000 ಅಡಿಯಿಂದ ಬರಬೇಕು ಅಂದರೆ 0.83 ಯೂನಿಟ್. ಮೋಟರು, ಪಂಪು, ಪೈಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಷ್ಟ ಆಗುತ್ತದೆ, ಹಾಗಾಗಿ ನಿಜದಲ್ಲಿ ಎರಡು ಯೂನಿಟ್ ಹತ್ತಿರ ಬೇಕು. ನಮ್ಮ ಕಡೆ 1,200, 1,500 ಅಡಿ ಕೊರೆಸಿದವರಿದ್ದಾರೆ. ಮಳೆ ಕೈಕೊಟ್ಟ ವರ್ಷ ನೀರು ಕೆಳಕ್ಕೆ ಹೋಗುತ್ತದೆ, ಮೋಟರು ಇನ್ನೂ ದೊಡ್ಡದು ಬೇಕಾಗುತ್ತದೆ, ಯೂನಿಟ್ ಏರುತ್ತದೆ. ತೋಟಕ್ಕೆ ಬಿದ್ದ ನೀರು ಮಾತ್ರ ಅಷ್ಟೇ, ಇಲ್ಲಾ ಅದಕ್ಕಿಂತ ಕಮ್ಮಿ. ದೂರದಲ್ಲಿ ಕೂತು ಗ್ರಾಫ್ ನೋಡುವವರಿಗೆ ಏನು ಕಾಣುತ್ತದೆ? ಕೋಲಾರದಲ್ಲಿ ಕರೆಂಟ್ ಬಳಕೆ ಏರಿದೆ, ಭೇಷ್.

ಇನ್ನೊಂದು. 10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ ಬಿಲ್ ಇಲ್ಲ. ಹೆಚ್ಚಿನವಕ್ಕೆ ಮೀಟರೂ ಇಲ್ಲ. ಹಾಗಾಗಿ ರೈತರ ಬಳಕೆ ಅಂತ ತೋರಿಸುವ ಅಂಕಿ ಬಹುಪಾಲು ಅಂದಾಜು. ಮನೆ ಕರೆಂಟ್ ಕೂಡ ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರ ಜುಲೈಯಿಂದ, ಬಿಲ್ಲಿನ ದುಡ್ಡು ನೋಡಿ ಏನೂ ಹೇಳೋಕೆ ಆಗೋಲ್ಲ. ಯೂನಿಟ್ ನೋಡಬೇಕು.

ಕೆ.ಸಿ. ವ್ಯಾಲಿ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ಕಳಿಸಿದ್ದು, ಅದರ ಬಗ್ಗೆ ಜಗಳ ಇದೆ, ಅದು ಇಲ್ಲಿ ಬೇಡ. ಕೆರೆ ತುಂಬಿ ಸುತ್ತಲಿನ ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದರೆ ಅದೇ ತೋಟಕ್ಕೆ ಕರೆಂಟ್ ಕಮ್ಮಿ ಸಾಕು. ರೈತನಿಗೆ ಒಳ್ಳೆಯದಾಯಿತು, ಗ್ರಾಫ್ ಇಳಿಯಿತು.

ಮೇಷ್ಟ್ರೇ, ನನ್ನ ಸಲಹೆ ಕೇಳುವುದಾದರೆ ಪಂಪ್‌ಸೆಟ್ ಬಿಡಿ. ಹಿಟ್ಟಿನ ಗಿರಣಿ, ವೆಲ್ಡಿಂಗ್ ಶಾಪು, ಮಾಲೂರಿನ ಇಟ್ಟಿಗೆ ಹೆಂಚಿನ ಕಾರ್ಖಾನೆ, ಇವುಗಳ ಮೀಟರ್ ಹಿಡಿಯಿರಿ. ಗ್ರಿಲ್ ಮಾಡುವ ವೆಲ್ಡಿಂಗ್ ಶಾಪಿನ ಮೀಟರ್ ಓಡುತ್ತಿದೆ ಅಂದರೆ ಎಲ್ಲೋ ಮನೆ ಏಳುತ್ತಿದೆ. ಅದು ಸುಳ್ಳು ಹೇಳಿದ್ದನ್ನು ನಾನು ನೋಡಿಲ್ಲ.

ರೀಲರ್, ಶಿಡ್ಲಘಟ್ಟ

ನಾನು ರೀಲರ್, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವವನು. ಎಲ್ಲರೂ ಜಿಎಸ್‌ಟಿ, ಇ-ವೇ ಬಿಲ್ ಅನ್ನುತ್ತಾರೆ, ಇಲ್ಲಿ ಯಾರೂ ಎತ್ತಲಿಲ್ಲ. ನಾನೇ ಎತ್ತುತ್ತೇನೆ.

50,000 ರೂಪಾಯಿ ಮೇಲಿನ ಸರಕು ಸಾಗಿಸಿದರೆ ಇ-ವೇ ಬಿಲ್ ಬೇಕು. 2018ರ ಏಪ್ರಿಲ್ 1ರಿಂದ ಬಂತು. ರಾಜ್ಯದೊಳಗಿನ ಸಾಗಾಟಕ್ಕೂ ಅವತ್ತಿನಿಂದಲೇ ಶುರು ಮಾಡಿದ್ದು ನಮ್ಮ ಕರ್ನಾಟಕ. ದೇಶ ಹೇಗೆ ಓಡುತ್ತಿದೆ ಅಂತ ಅದರಿಂದ ಚೆನ್ನಾಗಿ ಗೊತ್ತಾಗುತ್ತದೆ. ಲಾಕ್‌ಡೌನ್ ಆದಾಗ, 2020ರ ಏಪ್ರಿಲ್‌ನಲ್ಲಿ ಇಡೀ ದೇಶದಲ್ಲಿ ಸುಮಾರು 86 ಲಕ್ಷ ಬಿಲ್ ಆದವು. ಅದರ ಹಿಂದಿನ ತಿಂಗಳು 4 ಕೋಟಿ ಇತ್ತು. ಆ ಮೂರು ತಿಂಗಳ ಜಿಡಿಪಿ 23.9% ಬಿದ್ದಿದೆ ಅಂತ ಸರ್ಕಾರ ಹೇಳಿದ್ದು ಆಗಸ್ಟ್ ಕೊನೆಗೆ. ಬಿಲ್ ನೋಡಿದವರಿಗೆ ಮೇ ತಿಂಗಳಲ್ಲೇ ಗೊತ್ತಿತ್ತು.

ಆದರೆ ನಮ್ಮ ಎರಡು ಜಿಲ್ಲೆಗೆ ಬನ್ನಿ. ಹಸಿ ತರಕಾರಿಗೆ ಇ-ವೇ ಬಿಲ್ ಬೇಡ. ಹಾಲಿಗೆ ಬೇಡ. ರೇಷ್ಮೆ ಗೂಡಿಗೆ ಬೇಡ. ಟೊಮೆಟೊ, ಹಾಲು, ರೇಷ್ಮೆ ತೆಗೆದುಬಿಟ್ಟರೆ ಕೋಲಾರ ಚಿಕ್ಕಬಳ್ಳಾಪುರದಲ್ಲಿ ಹಳ್ಳಿಯವರ ಕೈಗೆ ದುಡ್ಡು ಬರುವ ದಾರಿ ಎಷ್ಟು ಉಳಿಯಿತು ಹೇಳಿ? ರಾತ್ರಿ ಹೈವೇಯಲ್ಲಿ ಟಾರ್ಪಾಲು ಕಟ್ಟಿಕೊಂಡು ಹೋಗುವ ಟೊಮೆಟೊ ಲಾರಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ರೇಷ್ಮೆಗೆ ನನ್ನ ಗುರುತು ಚಾಕಿ, ಅಂದರೆ ಎಳೇ ಹುಳ. ಮೊಟ್ಟೆ ಒಡೆದ ಹುಳವನ್ನು ಎರಡನೇ ಜ್ವರದ ತನಕ, ಅಂದರೆ ಎರಡನೇ ಸಲ ಪೊರೆ ಬಿಡುವ ತನಕ, ಚಾಕಿ ಕೇಂದ್ರದಲ್ಲಿ ಸಾಕಿ ರೈತರಿಗೆ ಕೊಡುತ್ತಾರೆ. ಅಲ್ಲಿಂದ ಮೂರು ವಾರದ ಆಸುಪಾಸಿನಲ್ಲಿ ಗೂಡು ಮಾರ್ಕೆಟ್ಟಿಗೆ ಬರುತ್ತದೆ. ಇವತ್ತು ಎಷ್ಟು ಚಾಕಿ ಹೋಯಿತು ಅಂತ ಗೊತ್ತಾದರೆ ಮೂರು ವಾರಕ್ಕೆ ಎಷ್ಟು ಲಾಟ್ ಬರಬಹುದು ಅಂತ ನಾವು ಎಣಿಸಿಕೊಳ್ಳುತ್ತೇವೆ. ದುಡ್ಡು ಹೊಂದಿಸಬೇಕಲ್ಲ. ಇನ್ನೊಂದು ಗುರುತು ನನ್ನ ಬೀದಿಯದು. ಬೆಳಗಿನ ಜಾವ ಎದ್ದು ನಡೆದರೆ ಯಾವ ಯಾವ ಮನೆಯಿಂದ ಗೂಡು ಬೇಯುವ ವಾಸನೆ ಬರುತ್ತದೆ ಅಂತ ಮೂಗಿಗೇ ಗೊತ್ತಾಗುತ್ತದೆ. ನೂಲಿಗೆ ಬೆಲೆ ಇಲ್ಲದ ವಾರ ನೂಲು ತೆಗೆಯುವ ಬೇಸಿನ್ ಒಂದೊಂದೇ ತಣ್ಣಗಾಗುತ್ತಾ ಬರುತ್ತದೆ. ಅದನ್ನು ಯಾವ ಪೋರ್ಟಲ್‌ನಲ್ಲೂ ಬರೆಯೋಲ್ಲ.

ಮೊಬೈಲ್ ಅಂಗಡಿ, ಬಂಗಾರಪೇಟೆ

ಯುಪಿಐ? ಫೋನ್‌ಪೇಯವರು 2021ರಿಂದ ಜಿಲ್ಲಾವಾರು ಲೆಕ್ಕ ಬಿಡುಗಡೆ ಮಾಡುತ್ತಾರೆ, ಪುಕ್ಕಟೆ. ಕೋಲಾರದ್ದೂ ಇದೆ. ಹುಡುಗರಿಗೆ ಅದು ಸುಲಭ.

ರೀಲರ್, ಶಿಡ್ಲಘಟ್ಟ

ತಮ್ಮಾ, ಅದು ಒಂದೇ ಕಂಪನಿಯ ಲೆಕ್ಕ. ಮತ್ತೆ ನನ್ನ ಮಗ ಬೆಂಗಳೂರಿನಿಂದ 500 ಹಾಕಿದ, ಅದನ್ನೇ ನಾನು ಅಳಿಯನಿಗೆ ಹಾಕಿದೆ, ಅವನು ಚೀಟಿಯವರಿಗೆ ಹಾಕಿದ. 1,500 ಓಡಾಡಿದ ಹಾಗೆ ಕಾಣುತ್ತದೆ, ಯಾರೂ ಏನೂ ದುಡಿದಿಲ್ಲ.

ಇನ್ನೊಂದು ನೆನಪಿಸಿಕೋ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಹೋದವು. ಬೆಂಗಳೂರಿನಲ್ಲಿ ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಅಂತ ಬರೆದು ಹಾಕಿದರು. ಆ ತಿಂಗಳ ಯುಪಿಐ ನೋಡಿದವರು ವ್ಯಾಪಾರ ಬಿತ್ತು ಅಂದುಕೊಳ್ಳಬೇಕು. ಬನ್ನು, ಟೀ ಮಾರಾಟ ಅಷ್ಟೇ ಇತ್ತು.

ಅರ್ಥಶಾಸ್ತ್ರದ ಮೇಷ್ಟ್ರು, ಕೋಲಾರ

ರೀಲರ್ ಸಾಹೇಬರೇ, ನೀವು ಹೇಳಿದ್ದಕ್ಕೆ ನಮ್ಮ ಪುಸ್ತಕದಲ್ಲಿ ಒಂದು ಹೆಸರೇ ಇದೆ, ಗುಡ್‌ಹಾರ್ಟ್ ನಿಯಮ ಅಂತ. ಚಾರ್ಲ್ಸ್ ಗುಡ್‌ಹಾರ್ಟ್ ಅನ್ನುವ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರು 1975ರಲ್ಲಿ ಹೇಳಿದ್ದು. ಒಂದು ಅಳತೆಯನ್ನು ಹಿಡಿದು ಜನರನ್ನು ನಿಯಂತ್ರಿಸೋಕೆ ಹೊರಟರೆ ಆ ಅಳತೆಯೇ ಕೆಡುತ್ತದೆ ಅಂತ. ನಾಳೆ ಕ್ಲಾಸಿನಲ್ಲಿ ಬೇಕರಿಯ ಉದಾಹರಣೆಯನ್ನೇ ಕೊಡುತ್ತೇನೆ.

ಇದರಿಂದ ನಾನೂ ಒಂದು ಕಲಿತೆ. ನಮ್ಮ ಮಕ್ಕಳು ಬರೆಯುವ ಲೆಕ್ಕದಲ್ಲಿ ಯಾರ ಹೆಸರೂ ಇರಬಾರದು, ಯಾವ ಅಂಗಡಿ ಅಂತಲೂ ಗೊತ್ತಾಗಬಾರದು. ಇಲ್ಲದಿದ್ದರೆ ಎರಡನೇ ವಾರದಿಂದ ಯಾರೂ ನಿಜ ಹೇಳೋಲ್ಲ.

ಮಾರಿಕುಪ್ಪಂ ಟ್ರೈನ್ ಪಾಸ್, ಕೆಜಿಎಫ್

ಸರ್, ನಾವು ಯಾವ ಲೆಕ್ಕಕ್ಕೆ?

ನಮ್ಮೂರಿಗೆ ಕರೆಂಟ್ ಬಂದದ್ದು 1902ರಲ್ಲಿ. ಶಿವನಸಮುದ್ರದಿಂದ ತಂತಿ ಎಳೆದು ಮೊದಲು ಕೊಟ್ಟದ್ದೇ ಕೋಲಾರ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆಗ ಉಪಗ್ರಹ ಇದ್ದಿದ್ದರೆ ಬೆಂಗಳೂರು ಕತ್ತಲಲ್ಲಿ, ನಮ್ಮ ಊರು ಬೆಳಕಲ್ಲಿ ಕಾಣುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ನಮ್ಮ ತಂದೆ ಕೆಲಸ ಮಾಡಿದ ಶಾಫ್ಟಿನ ಚಕ್ರ ಈಗಲೂ ನಿಂತಿದೆ.

ಆಮೇಲೆ ಊರು ಬದುಕಿದ್ದು ಟ್ರೈನಿನಿಂದ. ಬೆಳಗಿನ ಟ್ರೈನಿಗೆ ಮಾರಿಕುಪ್ಪಂ, ಕೋರಮಂಡಲ್, ಬಂಗಾರಪೇಟೆ, ಮಾಲೂರಿನಿಂದ ಸಾವಿರಾರು ಜನ ಬೆಂಗಳೂರಿಗೆ ಹೋಗುತ್ತೇವೆ. ರಾತ್ರಿ ವಾಪಸ್. ನಾನು ಅಲ್ಲಿ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ನನ್ನ ದುಡಿಮೆ ಬೆಂಗಳೂರಿನ ಲೆಕ್ಕಕ್ಕೆ ಹೋಗುತ್ತದೆ. ಸಂಬಳದಲ್ಲಿ ಅಕ್ಕಿ, ಮಗನ ಫೀಸು, ಅಮ್ಮನ ಮಾತ್ರೆ ಎಲ್ಲ ಆಗೋದು ಇಲ್ಲೇ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. ಜಿಲ್ಲೆಯ ಉತ್ಪಾದನೆ ಎಣಿಸಿದರೆ ಕೆಜಿಎಫ್ ಏನೂ ಮಾಡುತ್ತಿಲ್ಲ ಅಂತ ಕಾಣುತ್ತದೆ. ನಾವು ಸುಮ್ನೆ ಕೂತಿಲ್ಲ ಸರ್. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇವೆ.

ನಿಮ್ಮ ಪುಸ್ತಕದಲ್ಲಿ ಒಂದು ಕಾಲಂ ತಿಂಗಳ ಪಾಸ್ ತೆಗೆಸಿದವರ ಸಂಖ್ಯೆಗೆ ಇಡಿ. ಕೆಲಸ ಹೋದವನು ಮೊದಲು ನಿಲ್ಲಿಸೋದು ಪಾಸು. ನಮ್ಮ ಬೋಗಿಯಲ್ಲಿ ಇಬ್ಬರು ಮೂವರು ಒಂದೇ ತಿಂಗಳು ಕಾಣದೆ ಹೋದರೆ ಯಾವುದೋ ಗಾರ್ಮೆಂಟ್ಸ್‌ನಲ್ಲಿ ಏನೋ ಆಗಿದೆ ಅಂತ ನಮಗೆ ಗೊತ್ತಾಗಿಬಿಡುತ್ತದೆ.

ತಿಪಟೂರಿನವನು

ತುಮಕೂರು ಜಿಲ್ಲೆಯಿಂದ ಎರಡು ಮಾತು. ತಿಪಟೂರಿಗೆ ಬರುವ ಕೊಬ್ಬರಿ ಈ ವರ್ಷದ ಬೆಳೆ ಅಂತ ಬರೆದುಕೊಳ್ಳಬೇಡಿ. ಉಂಡೆ ಕೊಬ್ಬರಿಗೆ ಕಾಯಿ ಅಟ್ಟದ ಮೇಲೆ ಸುಮಾರು ಒಂದು ವರ್ಷ ಒಣಗಬೇಕು. ಅಟ್ಟವೇ ನಮ್ಮ ಬ್ಯಾಂಕು. ರೇಟು ಬರಲಿ ಅಂತ ಕಾಯುತ್ತೇವೆ. ಮಗಳ ಮದುವೆ, ಆಸ್ಪತ್ರೆ ಬಂತು ಅಂದರೆ ರೇಟು ನೋಡದೆ ಇಳಿಸುತ್ತೇವೆ. ಮಾರ್ಕೆಟ್ಟಿಗೆ ಚೀಲ ಜಾಸ್ತಿ ಬಂದದ್ದು ಸಂತೋಷಕ್ಕೋ ಕಷ್ಟಕ್ಕೋ ಅಂತ ಅಟ್ಟ ಹತ್ತಿ ನೋಡಿದವರಿಗೇ ಗೊತ್ತು.

ಇನ್ನು ಪಾವಗಡ. 13,000 ಎಕರೆಯಲ್ಲಿ ಸೋಲಾರ್ ಪಾರ್ಕ್, 2,050 ಮೆಗಾವ್ಯಾಟ್. ಊರೂರಿಗೆ ದೀಪ ಹಚ್ಚುವ ಜಾಗ ರಾತ್ರಿ ಚಿತ್ರದಲ್ಲಿ ಕತ್ತಲೆ ಅಲ್ವಾ ಅಕ್ಕ? ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಅದೇ ಹೊಲದಲ್ಲಿ ಶೇಂಗಾ ಕೀಳೋಕೆ ಹೋಗುತ್ತಿದ್ದ ಕೂಲಿಯವರಿಗೆ ಗುತ್ತಿಗೆ ಇಲ್ಲ.

ಉಪಗ್ರಹ ಚಿತ್ರ ನೋಡುವವಳು, ಊರು ಚಿಂತಾಮಣಿ

ಹೌದು ಅಣ್ಣ, ಕತ್ತಲೆಯೇ. ಹಗಲಿನ ಚಿತ್ರದಲ್ಲಿ ಮಾತ್ರ ಆ ಫಲಕಗಳು ದೊಡ್ಡ ಕೆರೆಯ ಹಾಗೆ ಕಾಣುತ್ತವೆ.

ಎಲ್ಲರೂ ತಪ್ಪು ಹುಡುಕುತ್ತಿದ್ದೀರಿ, ಒಳ್ಳೆಯದೇ. ಆದರೆ ಇದರಿಂದ ಜನಕ್ಕೆ ಉಪಯೋಗ ಆದದ್ದೂ ಇದೆ. ಆಫ್ರಿಕಾದ ಟೋಗೋ ದೇಶದಲ್ಲಿ 2020ರಲ್ಲಿ ಕೋವಿಡ್ ಬಂದಾಗ ಬಡವರು ಯಾರು ಅಂತ ಸರ್ಕಾರದ ಹತ್ತಿರ ಹೊಸ ಪಟ್ಟಿ ಇರಲಿಲ್ಲ. ಉಪಗ್ರಹ ಚಿತ್ರದಿಂದ ಅತಿ ಬಡ 100 ಪ್ರದೇಶ ಆರಿಸಿದರು. ಅಲ್ಲಿ ಮೊಬೈಲ್ ಬಳಕೆಯ ಮಾದರಿ ನೋಡಿ ಯಾರಿಗೆ ಮೊದಲು ಕೊಡಬೇಕು ಅಂತ ತೀರ್ಮಾನಿಸಿದರು. ದುಡ್ಡು ನೇರ ಫೋನಿಗೆ ಹೋಯಿತು. ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡೋಕೆ ಆಗದ ಕಾಲದಲ್ಲಿ ಅದು ದೊಡ್ಡ ಕೆಲಸ. ಫೋನ್ ಇಲ್ಲದವರು ಬಿಟ್ಟು ಹೋದರು, ಅದೂ ನಿಜ.

ಡೇರಿ ಸೆಕ್ರೆಟರಿ, ಶ್ರೀನಿವಾಸಪುರ ತಾಲ್ಲೂಕು

ನಾನು ಮೊದಲಿಂದ ಓದುತ್ತಾ ಬಂದೆ. ಬರೆಯೋದಾ ಬೇಡವಾ ಅಂತ ಯೋಚನೆ ಮಾಡುತ್ತಿದ್ದೆ. ಫೋನ್ ಇಲ್ಲದವರು ಅಂದ ತಕ್ಷಣ ಬರೆಯಬೇಕು ಅನ್ನಿಸಿತು.

ನಮ್ಮ ಡೇರಿಗೆ ಹಾಲು ಹಾಕುವ ಎಷ್ಟೋ ಅಜ್ಜಿಯರ ಹತ್ತಿರ ಫೋನಿಲ್ಲ. ಆದರೆ ಅವರ ಹಾಲು ದಿನಕ್ಕೆ ಎರಡು ಸಲ ಅಳತೆಯಾಗುತ್ತದೆ. ಲೀಟರ್, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ಎಲ್ಲ ಮೆಷಿನ್‌ನಲ್ಲಿ ಬಂದು ಚೀಟಿ ಬರುತ್ತದೆ. ಕೋಲಾರ ಜಿಲ್ಲೆಯಲ್ಲಿ ಡೇರಿ ಇಲ್ಲದ ಊರು ಹುಡುಕಬೇಕು. ಬಡವರ ಮನೆಯ ಲೆಕ್ಕ ಇದಕ್ಕಿಂತ ಹತ್ತಿರದಿಂದ ಇನ್ನೆಲ್ಲಿ ಸಿಗುತ್ತದೆ ಮೇಷ್ಟ್ರೇ?

ಹಾಲಿನ ಲೀಟರ್ ಒಂದನ್ನೇ ನೋಡಬೇಡಿ ಅಂತ ನಾನೂ ಹೇಳುತ್ತೇನೆ. ಬೆಳೆ ಕೈಕೊಟ್ಟ ವರ್ಷ ನಮ್ಮ ಡೇರಿಗೆ ಹಾಲು ಕೆಲವು ತಿಂಗಳು ಏರುತ್ತದೆ. ಯಾಕೆ ಅಂದರೆ ಮಕ್ಕಳಿಗೆ ಅಂತ ಇಟ್ಟುಕೊಳ್ಳುತ್ತಿದ್ದ ಅರ್ಧ ಲೀಟರೂ ಕ್ಯಾನಿಗೆ ಬೀಳುತ್ತದೆ. ಆ ಚೊಂಬು ನನಗೆ ಗೊತ್ತಾಗುತ್ತದೆ, ದಿನಾ ನೋಡುತ್ತೇನಲ್ಲ. ಆಮೇಲೆ ಮೇವು ಮುಗಿಯುತ್ತದೆ. ಫ್ಯಾಟು ಇಳಿಯುತ್ತದೆ. ಆಮೇಲೆ ಒಂದು ದಿನ ಆ ಮನೆಯವರು ಬರೋಲ್ಲ, ಹಸು ಸಂತೆಗೆ ಹೋಗಿರುತ್ತದೆ. ಲೀಟರ್ ಏರಿದಾಗ ಪೇಪರಿನವರು ಕ್ಷೀರಕ್ರಾಂತಿ ಅಂತ ಬರೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಅದಕ್ಕೆ ನಾನು ನಾಲ್ಕು ಬರೆದುಕೊಳ್ಳುತ್ತೇನೆ. ಎಷ್ಟು ಲೀಟರ್. ಎಷ್ಟು ಜನ ಹಾಕಿದರು. ಸರಾಸರಿ ಫ್ಯಾಟು. ಮತ್ತೆ ನಿನ್ನೆ ಬಂದು ಇವತ್ತು ಬಾರದವರು ಯಾಕೆ ಬರಲಿಲ್ಲ. ನಾಲ್ಕನೆಯದು ಸಂಘದ ರಿಜಿಸ್ಟರಿನಲ್ಲಿ ಇಲ್ಲ, ನನ್ನ ಸ್ವಂತ ನೋಟ್‌ಬುಕ್ಕು. ಆರು ವರ್ಷದಿಂದ ಬರೆಯುತ್ತಿದ್ದೇನೆ. ಇದು ಇಂಥ ಕೆಲಸಕ್ಕೆ ಬರುತ್ತದೆ ಅಂತ ಗೊತ್ತಿರಲಿಲ್ಲ.

ಮಂಡಿ ರೈಟರ್, ಕೋಲಾರ ಎಪಿಎಂಸಿ

ಅಕ್ಕ, ನಿಮ್ಮ ನಾಲ್ಕನೇ ಕಾಲಂ ನಮಗೂ ಬೇಕು. ಬಾಕ್ಸ್ ಯಾಕೆ ಕಮ್ಮಿ ಆಯಿತು ಅಂತ ಹರಾಜಿಗೆ ಬಂದ ನಾಲ್ಕು ರೈತರನ್ನು ಕೇಳಿದರೆ ಹೇಳುತ್ತಾರೆ. ಮಳೆಯಾ, ರೋಗವಾ, ಇಲ್ಲಾ ಚಿಂತಾಮಣಿ ಮಾರ್ಕೆಟ್ಟಿಗೆ ಹೋಯಿತಾ. ನಾನು ಇಷ್ಟು ವರ್ಷ ಕೇಳಿಲ್ಲ.

ನಿವೃತ್ತ ವಿದ್ಯುತ್ ನೌಕರ, ಮುಳಬಾಗಿಲು

ಟೋಲ್ ಲೆಕ್ಕಕ್ಕೂ ಅದೇ. ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ 2024ರ ಕೊನೆಯಲ್ಲಿ ಗಾಡಿ ಬಿಟ್ಟರು. ಹಳೇ ಹೈವೇಯಲ್ಲಿ ಗಾಡಿ ಕಮ್ಮಿಯಾದರೆ ವ್ಯಾಪಾರ ಬಿತ್ತು ಅಂತಲ್ಲ, ದಾರಿ ಬದಲಾಯಿತು ಅಂತ. "ಯಾಕೆ" ಕಾಲಂ ಇಲ್ಲದಿದ್ದರೆ ಇದು ಎಲ್ಲಿ ಗೊತ್ತಾಗಬೇಕು?

ಅರ್ಥಶಾಸ್ತ್ರದ ಮೇಷ್ಟ್ರು, ಕೋಲಾರ

ಇವತ್ತು ಕ್ಲಾಸಿನಲ್ಲಿ ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ವೇಮಗಲ್ ಹುಡುಗಿಯೇ ಬೋರ್ಡಿಗೆ ಬಂದು ಗೆರೆ ಎಳೆದಳು. ಟೊಮೆಟೊ ಬಾಕ್ಸ್, ರೇಟು. ನರ್ಸರಿ ಸಸಿ. ಚಾಕಿ, ಗೂಡಿನ ಲಾಟ್. ಹಾಲು, ಹಾಕಿದ ಜನ, ಫ್ಯಾಟು. ವೆಲ್ಡಿಂಗ್ ಶಾಪಿನ ಯೂನಿಟ್. ಟ್ರೈನ್ ಪಾಸ್. ರಾತ್ರಿ ದೀಪ ತಿಂಗಳಿಗೊಮ್ಮೆ, ಅದನ್ನು ಚಿಂತಾಮಣಿ ಮೇಡಂ ಕಳಿಸುತ್ತಾರೆ ಅಂದುಕೊಂಡಿದ್ದೇನೆ. ಎಲ್ಲಕ್ಕಿಂತ ಅಗಲದ ಕಾಲಂ "ಯಾಕೆ" ಅನ್ನೋದಕ್ಕೆ ಬಿಟ್ಟಿದ್ದಾಳೆ. ಇಪ್ಪತ್ತು ಜನ ಅಂದುಕೊಂಡಿದ್ದೆ, ಮೂವತ್ತೊಂದು ಹೆಸರು ಬಂದಿವೆ. ಸೋಮವಾರದಿಂದ ಶುರು. ಮೊದಲ ಸಾಲು ಯಾರು ಕೊಡುತ್ತೀರಿ?

ಡೇರಿ ಸೆಕ್ರೆಟರಿ, ಶ್ರೀನಿವಾಸಪುರ ತಾಲ್ಲೂಕು

ಸೋಮವಾರ ಬೆಳಗಿನ ಹಾಲು: 412 ಲೀಟರ್. ಹಾಕಿದವರು 61 ಜನ. ಫ್ಯಾಟು 4.1.

ಭಾನುವಾರ 64 ಜನ ಇದ್ದರು. ಇಬ್ಬರು ಮದುವೆಗೆ ಹೋಗಿದ್ದಾರೆ, ನಾಳೆ ಬರುತ್ತಾರೆ. ಒಬ್ಬರ ಹಸು ಗಬ್ಬ, ಹಾಲು ಬತ್ತಿಸಿದ್ದಾರೆ.